ಊಟಕ್ಕೆ ಕುಳಿತರೆ ಕೆನ್ನೆ ಬೆವರುತ್ತದೆ: ಆ ‘ಫ್ರೇ’ ಯಾರು?

ಪ್ರಶ್ನೆ: ನನ್ನ ತಂದೆಗೆ 61 ವರ್ಷ, ದಾವಣಗೆರೆಯಲ್ಲಿದ್ದಾರೆ. ಎರಡು ವರ್ಷದ ಹಿಂದೆ ಬಲಗಿವಿಯ ಮುಂದಿದ್ದ ಗಂಟನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ಕ್ಯಾನ್ಸರ್ ಅಲ್ಲವೆಂದು ವರದಿ ಬಂದು ನೆಮ್ಮದಿಯಾಗಿತ್ತು. ಈಗ ಕೆಲವು ತಿಂಗಳಿಂದ ಊಟಕ್ಕೆ ಕುಳಿತ ಕೂಡಲೇ ಆ ಕಡೆಯ ಕೆನ್ನೆ ಕೆಂಪಾಗಿ ಬೆವರು ಹನಿಯುತ್ತದೆ. ಮದುವೆಮನೆಯ ಪಂಕ್ತಿಯಲ್ಲಿ ಕುಳಿತುಕೊಳ್ಳಲು ಸಂಕೋಚಪಡುತ್ತಾರೆ. ವೈದ್ಯರು ಚೀಟಿಯ ಮೇಲೆ ‘ಫ್ರೇ ಸಿಂಡ್ರೋಮ್’ ಎಂದು ಬರೆದು, ಭಯವಿಲ್ಲ ಎಂದರು. ಕಾಲೇಜಿಗೆ ಹೋಗುವ ನನ್ನ ಮಗಳು ಹುಡುಕಿ ನೋಡಿ, ‘ಫ್ರೇ ಒಬ್ಬ ಮಹಿಳೆ, ಹಿಟ್ಲರನ ಕಡೆಯವರು ಆಕೆಯನ್ನು ಕೊಂದರು’ ಎನ್ನುತ್ತಾಳೆ. ಇದು ನಿಜವೇ? ನಿಮಗೆ ವೈದ್ಯಕೀಯ ಕಾಲೇಜಿನಲ್ಲಿ ಇದನ್ನು ಹೇಳಿಕೊಡುತ್ತಾರೆಯೇ?

ಉತ್ತರ: ಮೊದಲು ತಂದೆಯವರ ಕೆನ್ನೆಯ ವಿಷಯಕ್ಕೆ ಬರುತ್ತೇನೆ. ಅದು ಅರ್ಥವಾದರೆ ಆ ವೈದ್ಯೆ ಕಂಡದ್ದೇನು ಎಂಬುದೂ ಅರ್ಥವಾಗುತ್ತದೆ.

ಮಂಗನಬಾವು ಬಂದಾಗ ಕಿವಿಯ ಬುಡದಲ್ಲಿ ಊದಿಕೊಳ್ಳುತ್ತದಲ್ಲ, ಅದೇ ಪರೋಟಿಡ್ ಗ್ರಂಥಿ. ಬಾಯಿಗೆ ಜೊಲ್ಲು ಒದಗಿಸುವ ದೊಡ್ಡ ಗ್ರಂಥಿಗಳಲ್ಲಿ ಇದೇ ಹಿರಿಯದು. ಹುಳಿ ನಾಲಗೆಗೆ ತಾಗಿದೊಡನೆ ‘ಜೊಲ್ಲು ಬಿಡು’ ಎಂಬ ಆಜ್ಞೆ ಮೆದುಳಿನ ಬುಡದಿಂದ ಹೊರಟು, ನಡುವೆ ಒಂದು ನರಗಂಟಿನಲ್ಲಿ ಗಾಡಿ ಬದಲಿಸಿ, ಕೊನೆಯ ಹಾದಿಯನ್ನು ಕಿವಿಯ ಮುಂದೆ ಹಾಯ್ದು ಕಣತಲೆಯತ್ತ ಏರುವ ಒಂದು ಸಣ್ಣ ನರದೊಳಗೆ ಕ್ರಮಿಸುತ್ತದೆ. ಅದರ ಹೆಸರು ಆರಿಕ್ಯುಲೋಟೆಂಪೊರಲ್ ನರ. ಗ್ರಂಥಿಯ ಗಂಟನ್ನು ತೆಗೆಯುವಾಗ ಈ ಎಳೆಗಳು ತುಂಡಾಗುತ್ತವೆ. ಎಂಥ ನುರಿತ ಕೈಯೂ ಇದನ್ನು ಪೂರ್ತಿ ತಪ್ಪಿಸಲಾರದು, ಹಾಗಾಗಿ ನಿಮ್ಮ ಶಸ್ತ್ರವೈದ್ಯರ ಮೇಲೆ ಅನುಮಾನ ಬೇಡ.

ತುಂಡಾದ ಎಳೆ ಸುಮ್ಮನೆ ಕುಳಿತಿರುವುದಿಲ್ಲ. ದಿನಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರಿನಂತೆ ಮತ್ತೆ ಚಿಗುರುತ್ತ ತನ್ನ ಗ್ರಂಥಿಯನ್ನು ಹುಡುಕಿಕೊಂಡು ಹೊರಡುತ್ತದೆ. ಗ್ರಂಥಿಯ ಆ ಭಾಗವನ್ನು ನಾವು ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಿಯಾಗಿದೆ. ದಾರಿಯಲ್ಲಿ ಸಿಗುವುದು ಚರ್ಮದ ಬೆವರುಗ್ರಂಥಿ. ಎಳೆ ಅದಕ್ಕೇ ಹೋಗಿ ಅಂಟಿಕೊಳ್ಳುತ್ತದೆ. ಇಲ್ಲಿ ನನಗೆ ಇಂದಿಗೂ ಸೋಜಿಗವೆನಿಸುವ ಒಂದು ಸಂಗತಿ ಇದೆ. ಬೆವರುಗ್ರಂಥಿಯನ್ನು ಆಳುವ ನರವ್ಯೂಹ ಬೇರೆ, ಜೊಲ್ಲುಗ್ರಂಥಿಯನ್ನು ಆಳುವುದು ಬೇರೆ. ಆದರೆ ಎರಡೂ ಕಡೆ ಕೊನೆಯಲ್ಲಿ ಆಜ್ಞೆ ಮುಟ್ಟಿಸುವ ರಾಸಾಯನಿಕ ಮಾತ್ರ ಒಂದೇ, ಅಸಿಟೈಲ್‌ಕೋಲಿನ್. ಪಕ್ಕದ ಮನೆಯ ಬೀಗಕ್ಕೆ ನಮ್ಮ ಮನೆಯ ಕೀಲಿಕೈ ಹೊಂದಿಬಿಟ್ಟ ಹಾಗೆ. ನಿಮ್ಮ ತಂದೆಯವರು ತುತ್ತು ಬಾಯಿಗಿಟ್ಟಾಗ ಮೆದುಳು ಜೊಲ್ಲು ಕೇಳುತ್ತದೆ, ಕೆನ್ನೆ ಬೆವರು ಕೊಡುತ್ತದೆ. ರಕ್ತನಾಳಗಳೂ ಹಿಗ್ಗುವುದರಿಂದ ಕೆಂಪು. ಎಳೆ ಬೆಳೆದು ತಲುಪಲು ಕಾಲ ಬೇಕಲ್ಲವೇ, ಅದಕ್ಕೇ ಶಸ್ತ್ರಚಿಕಿತ್ಸೆಯಾದ ಎಷ್ಟೋ ತಿಂಗಳ ಮೇಲೆ ಈ ತೊಂದರೆ ತಲೆದೋರುತ್ತದೆ. ಖಾರದ ಊಟಕ್ಕೆ ಹಣೆ, ಮೂಗು ಬೆವರುವುದು ನಮ್ಮೆಲ್ಲರಿಗೂ ಇದ್ದದ್ದೇ. ಒಂದೇ ಕೆನ್ನೆ, ಅದೂ ಗಾಯದ ಗುರುತಿನ ಆಸುಪಾಸು ಬೆವರಿದರೆ ಅದು ಫ್ರೇ.

ಈಗ ನಿಮ್ಮ ಮಗಳ ಮಾತು. ನಿಜ, ಪೂರ್ತಿ ನಿಜ. ಕಾಲೇಜಿನಲ್ಲಿ ಹೇಳಿಕೊಡುತ್ತಾರೆಯೇ ಎಂದಿರಿ. ನನಗಂತೂ ಯಾರೂ ಹೇಳಿಕೊಡಲಿಲ್ಲ. ಸ್ನಾತಕೋತ್ತರ ಪರೀಕ್ಷೆಯ ಮೌಖಿಕದಲ್ಲಿ ಪರೋಟಿಡ್ ಶಸ್ತ್ರಚಿಕಿತ್ಸೆಯ ತೊಡಕುಗಳನ್ನು ಕೇಳಿದಾಗ ನಾನು ಗಿಣಿಯಂತೆ ಫ್ರೇ ಹೆಸರನ್ನೂ ಒಪ್ಪಿಸಿದ್ದೆ. ಪರೀಕ್ಷಕರು, ‘ಹೂಂ, ಹಿ ಡಿಸ್ಕ್ರೈಬ್ಡ್ ಇಟ್’ ಎಂದು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ನನ್ನ ಮನಸ್ಸಿನಲ್ಲೂ ಇದ್ದದ್ದು ಗಡ್ಡ ಬಿಟ್ಟ ಒಬ್ಬ ಜರ್ಮನ್ ಪ್ರೊಫೆಸರ್. ಸ್ಪರ್ಶಜ್ಞಾನವನ್ನು ಅಳೆಯುವ ಕೂದಲೆಳೆಗಳಿಗೆ ಹೆಸರು ಕೊಟ್ಟ ಮ್ಯಾಕ್ಸ್ ಫಾನ್ ಫ್ರೇ ಎಂಬ ಜರ್ಮನ್ ಶರೀರಶಾಸ್ತ್ರಜ್ಞ ಬೇರೆ ಇದ್ದರು; ಆ ಫ್ರೇಯೇ ಈ ಫ್ರೇ ಇರಬೇಕೆಂದುಕೊಂಡು ವೃತ್ತಿಯ ಹತ್ತು ಹನ್ನೆರಡು ವರ್ಷ ಕಳೆದೆ.

ಆಕೆಯ ಹೆಸರು ವೂಟ್ಸ್ಯಾ ಫ್ರೇ. ಹುಟ್ಟಿದ್ದು 1889ರ ನವೆಂಬರ್ 3ರಂದು, ಲ್ವೂವ್ ನಗರದ ಯಹೂದಿ ಮನೆಯೊಂದರಲ್ಲಿ. ಆಗ ಅದು ಆಸ್ಟ್ರಿಯಾ–ಹಂಗೆರಿ ಸಾಮ್ರಾಜ್ಯದ ಊರು, ಜರ್ಮನ್ನರ ಬಾಯಲ್ಲಿ ಲೆಂಬರ್ಗ್. ಮೊದಲ ಮಹಾಯುದ್ಧದ ನಂತರ ಪೋಲೆಂಡಿನದಾಯಿತು. 1939ರಲ್ಲಿ ಸೋವಿಯತ್ ಒಕ್ಕೂಟ ನುಂಗಿತು, 1941ರಲ್ಲಿ ಜರ್ಮನಿ ಕಿತ್ತುಕೊಂಡಿತು. ಇಂದು ಉಕ್ರೇನಿನ ಲ್ವಿವ್ ಎಂದು ಪತ್ರಿಕೆಗಳಲ್ಲಿ ಓದುತ್ತೀರಲ್ಲ, ಅದೇ. ಹುಟ್ಟಿದ ಊರಿನಲ್ಲೇ ಸತ್ತ ಆಕೆಯ ತಲೆಯ ಮೇಲೆ ನಾಲ್ಕು ಬಾವುಟಗಳು ಹಾರಿದವು.

ಆಕೆ ಮೊದಲು ಓದಿದ್ದು ವೈದ್ಯಕೀಯವನ್ನಲ್ಲ, ಗಣಿತವನ್ನು. ಲ್ವೂವ್ ವಿಶ್ವವಿದ್ಯಾಲಯದಲ್ಲಿ ಮರಿಯನ್ ಸ್ಮೊಲುಖೋವ್‌ಸ್ಕಿ ಎಂಬ ಭೌತವಿಜ್ಞಾನಿಯ ವಿದ್ಯಾರ್ಥಿನಿ. ನೀರಿನಲ್ಲಿ ತೇಲುವ ಪರಾಗದ ಕಣಗಳು ಏಕೆ ಅತ್ತಿತ್ತ ಕುಣಿಯುತ್ತವೆ ಎಂಬುದಕ್ಕೆ ಐನ್‌ಸ್ಟೈನ್ ಜೊತೆಜೊತೆಗೇ, ಸ್ವತಂತ್ರವಾಗಿ, ಲೆಕ್ಕ ಕೊಟ್ಟವರು ಅವರು. ಯುದ್ಧದ ನಡುವೆ, ಮೂವತ್ತರ ಹೊಸ್ತಿಲಲ್ಲಿ ಫ್ರೇ ವೈದ್ಯಕೀಯಕ್ಕೆ ಸೇರಿದರು. ಲ್ವೂವ್‌ನಲ್ಲಿ ಆರಂಭಿಸಿದ ಓದನ್ನು ವಾರ್ಸಾದಲ್ಲಿ ಮುಗಿಸಿದರು. ಕೈಗೆ ಪದವಿ ಬಂದದ್ದು 1923ರಲ್ಲಿ, 33ನೇ ವಯಸ್ಸಿನಲ್ಲಿ. ಅಷ್ಟರಲ್ಲಾಗಲೇ ವಾರ್ಸಾ ವಿಶ್ವವಿದ್ಯಾಲಯದ ನರರೋಗ ಚಿಕಿತ್ಸಾಲಯದಲ್ಲಿ ಪ್ರೊಫೆಸರ್ ಕಾಜಿಮಿಯೆಶ್ ಒಝೆಖೋವ್‌ಸ್ಕಿ ಅವರ ಕೈಕೆಳಗೆ ಕೆಲಸಕ್ಕೆ ನಿಂತಿದ್ದರು. ಯೂರೋಪಿನಲ್ಲಿ ನರರೋಗವನ್ನು ಅಧ್ಯಯನದ ವಿಷಯವಾಗಿ ಆರಿಸಿಕೊಂಡ ಹೆಂಗಸರನ್ನು ಬೆರಳಿನಲ್ಲಿ ಎಣಿಸಬಹುದಾಗಿದ್ದ ಕಾಲವದು.

ಆ ಚಿಕಿತ್ಸಾಲಯಕ್ಕೆ ಒಬ್ಬ ಸೈನಿಕ ಬಂದ. ವಯಸ್ಸು 25. ಪೋಲೆಂಡ್ ಮತ್ತು ಬೋಲ್ಶೆವಿಕ್ ರಷ್ಯಾ ನಡುವಿನ ಯುದ್ಧದಲ್ಲಿ, 1920ರಲ್ಲಿ, ಗುಂಡು ತಗಲಿತ್ತು. ಪರೋಟಿಡ್ ಗ್ರಂಥಿ ಕೀವು ತುಂಬಿಕೊಂಡು, ಕೊನೆಗೆ ಗಾಯ ಮಾದಿತ್ತು. ಬದುಕಿ ಉಳಿದದ್ದೇ ದೊಡ್ಡದು ಎನ್ನುವ ಸ್ಥಿತಿಯಿಂದ ಎದ್ದು ಬಂದವನು. ಅವನ ದೂರು ಏನು? ಊಟ ಮಾಡುವಾಗ ಗಾಯದ ಕಡೆಯ ಕೆನ್ನೆ ಕೆಂಪಾಗುತ್ತದೆ, ಬೆವರುತ್ತದೆ.

ಒಂದು ಕ್ಷಣ ಆ ಹೊರರೋಗಿ ವಿಭಾಗವನ್ನು ಕಣ್ಣ ಮುಂದೆ ತಂದುಕೊಳ್ಳಿ. ಯುದ್ಧ ಆಗಷ್ಟೇ ಮುಗಿದ ಬಡ ದೇಶ. ಕೈಕಾಲು ಕಳೆದುಕೊಂಡವರು, ತಲೆಗೆ ಗುಂಡು ಬಿದ್ದವರು, ಮೂರ್ಛೆ ಬೀಳುವವರು ಸಾಲಾಗಿ ಕುಳಿತಿದ್ದಾಗ ‘ಊಟಕ್ಕೆ ಕುಳಿತರೆ ಕೆನ್ನೆ ಬೆವರುತ್ತದೆ ಡಾಕ್ಟರೇ’ ಎಂದರೆ ಕೇಳುವವರು ಯಾರು? ನಾನಾಗಿದ್ದರೆ ‘ಕರವಸ್ತ್ರ ಇಟ್ಟುಕೊಳ್ಳಿ’ ಎಂದು ಕಳುಹಿಸುತ್ತಿದ್ದೆನೋ ಏನೋ. ಇನ್ನೂ ಪದವಿಯ ಶಾಯಿ ಆರದ ಈ ವೈದ್ಯೆ ಅವನನ್ನು ಕೂರಿಸಿ, ಪೂರ್ತಿ ಪರೀಕ್ಷಿಸಿ, ಬೆವರುವ ಜಾಗದ ಎಲ್ಲೆಯನ್ನು ಗುರುತಿಸಿ, ಆ ಎಲ್ಲೆ ಯಾವ ನರದ ಸೀಮೆಗೆ ಹೊಂದುತ್ತದೆ ಎಂದು ನೋಡಿದರು.

ಇಂಥ ಬೆವರನ್ನು ಅದಕ್ಕೂ ಹಿಂದೆ ಕೆಲವರು ಕಂಡಿದ್ದರು. 1853ರಲ್ಲೇ ಬೈಯಾರ್ಜೆ ಎಂಬ ಫ್ರೆಂಚ್ ವೈದ್ಯ ಬರೆದಿದ್ದರು, ಆದರೆ ಅವರು ಅದನ್ನು ಜೊಲ್ಲೆಂದೇ ಭಾವಿಸಿದ್ದರು: ನಾಳ ಕಟ್ಟಿಕೊಂಡು ಜೊಲ್ಲು ಚರ್ಮದಿಂದ ಒಸರುತ್ತಿದೆ ಎಂದು. ಫ್ರೇ ಹೇಳಿದ್ದು ಬೇರೆ. ಇದು ಬೆವರೇ. ಕಾರಣ ಗ್ರಂಥಿಯಲ್ಲಿಲ್ಲ, ನರದಲ್ಲಿದೆ. ಜೊಲ್ಲಿಗೆ ಬೇಕಾದ ಎಳೆಗಳೂ ಬೆವರಿಗೆ ಬೇಕಾದ ಎಳೆಗಳೂ ಆರಿಕ್ಯುಲೋಟೆಂಪೊರಲ್ ನರದೊಳಗೇ ಹಾಯುತ್ತವೆ, ಆದ್ದರಿಂದ ಪೆಟ್ಟು ಬಿದ್ದಿರುವುದು ಅಲ್ಲಿ. 1923ರಲ್ಲಿ ಪೋಲಿಷ್ ಭಾಷೆಯಲ್ಲೂ, ಪ್ಯಾರಿಸ್ಸಿನ ನರವಿಜ್ಞಾನದ ಪತ್ರಿಕೆಯಲ್ಲಿ ಫ್ರೆಂಚಿನಲ್ಲೂ ಇದನ್ನು ಪ್ರಕಟಿಸಿದರು. ಚಿಗುರಿದ ಎಳೆ ದಾರಿ ತಪ್ಪುತ್ತದೆ ಎಂಬ, ಮೇಲೆ ನಾನು ಹೇಳಿದ ವಿವರಣೆ ಗಟ್ಟಿಯಾದದ್ದು ನಂತರದ ವರ್ಷಗಳಲ್ಲಿ, ಬೇರೆಯವರ ಕೈಯಲ್ಲಿ. ವಿಳಾಸ ಬರೆದುಕೊಟ್ಟವರು ಮಾತ್ರ ಫ್ರೇ. ಆಕೆ ತನ್ನ ಹೆಸರನ್ನು ಇದಕ್ಕೆ ಇಟ್ಟುಕೊಳ್ಳಲಿಲ್ಲ. ನರದ ಹೆಸರಿನಿಂದಲೇ ಕರೆದರು. ಫ್ರೇ ಸಿಂಡ್ರೋಮ್ ಎಂದದ್ದು ಉಳಿದವರು.

ಇದೊಂದೇ ಲೇಖನವಲ್ಲ. ಮೆದುಳುಕಾಂಡದ ರಕ್ತನಾಳಗಳ ಬಗೆಗಿನ ಕೆಲಸವೂ ಸೇರಿ ನಲವತ್ತಕ್ಕೂ ಹೆಚ್ಚು ಬರಹಗಳು ಆಕೆಯವು. ಶಸ್ತ್ರವೈದ್ಯರ ಲೋಕ ಇಟ್ಟುಕೊಂಡದ್ದು ಬೆವರನ್ನು ಮಾತ್ರ.

1920ರ ದಶಕದ ಕೊನೆಗೆ ಮರೆಕ್ ಗೊಟೆಸ್‌ಮನ್ ಎಂಬ ವಕೀಲರನ್ನು ಮದುವೆಯಾಗಿ ಲ್ವೂವ್‌ಗೆ ಹಿಂತಿರುಗಿದರು. ಅಲ್ಲಿನ ಯಹೂದಿ ಆಸ್ಪತ್ರೆಯಲ್ಲಿ ನರರೋಗ ವಿಭಾಗದ ಕೆಲಸ. ಊರಿನ ಜನಸಂಖ್ಯೆಯಲ್ಲಿ ಮೂರರಲ್ಲಿ ಒಂದು ಪಾಲು, ಲಕ್ಷಕ್ಕೂ ಮೀರಿ, ಯಹೂದಿಗಳೇ ಇದ್ದರು. 1939ರಲ್ಲಿ ಸೋವಿಯತ್ ಸೇನೆ ಬಂದ ಮೇಲೆ ಗೊಟೆಸ್‌ಮನ್ ಅವರನ್ನು ಗುಪ್ತ ಪೊಲೀಸರು ಹಿಡಿದುಕೊಂಡು ಹೋದರು. ಹೋದವರು ಮರಳಲಿಲ್ಲ. ಹಾಗಾಗಿ ‘ಹಿಟ್ಲರನ ಕಡೆಯವರು’ ಎಂದು ನಿಮ್ಮ ಮಗಳು ಹೇಳಿದ್ದು ಆ ಮನೆಯ ಅರ್ಧ ಕಥೆ ಮಾತ್ರ. ಇನ್ನರ್ಧ ಸ್ಟಾಲಿನ್ ಲೆಕ್ಕಕ್ಕೆ ಸೇರುತ್ತದೆ.

1941ರ ಜೂನ್ 30ರಂದು ಜರ್ಮನ್ ಸೇನೆ ಲ್ವೂವ್ ಹೊಕ್ಕಿತು. ಮೊದಲ ದಿನಗಳಲ್ಲೇ ಬೀದಿಗಳಲ್ಲಿ ಯಹೂದಿಗಳ ಹತ್ಯೆ. ನವೆಂಬರಿನಲ್ಲಿ ಊರಿನ ಉತ್ತರಕ್ಕೆ ಗೆಟೊ, ಅಂದರೆ ಯಹೂದಿಗಳನ್ನು ಕೂಡಿಹಾಕುವ ಪ್ರತ್ಯೇಕ ಕೇರಿಯನ್ನು ಗುರುತು ಮಾಡಿ, ಯಹೂದಿಗಳೆಲ್ಲರೂ ಅಲ್ಲಿಗೆ ಹೋಗಬೇಕೆಂದು ಆದೇಶಿಸಿದರು. ಹೋಗುವ ದಾರಿ ಒಂದು ರೈಲ್ವೆ ಸೇತುವೆಯ ಕೆಳಗೆ ಹಾಯುತ್ತಿತ್ತು. ಅಲ್ಲಿ ಕಾವಲುಗಾರರು ನಿಂತು ಮುದುಕರನ್ನೂ ಕಾಯಿಲೆಯವರನ್ನೂ ಬೇರೆ ಮಾಡಿ ಗುಂಡಿಕ್ಕಲು ಒಯ್ಯುತ್ತಿದ್ದರು. ಜನ ಅದನ್ನು ಸಾವಿನ ಸೇತುವೆ ಎಂದೇ ಕರೆದರು. ನಡುಗುವವರು, ಕುಂಟುವವರು, ಪಾರ್ಶ್ವವಾಯು ಹೊಡೆದವರು: ನರರೋಗ ವೈದ್ಯೆಯೊಬ್ಬರ ಹೊರರೋಗಿಗಳ ಸಾಲಿನಲ್ಲಿ ಕುಳಿತಿರುವಂಥವರೇ ಆ ಸೇತುವೆಯ ಕೆಳಗೆ ಮೊದಲು ಆರಿಸಲ್ಪಟ್ಟವರು.

ಗೆಟೊದೊಳಗೆ ಫ್ರೇ ಕೆಲಸ ಬಿಡಲಿಲ್ಲ. ಅಲ್ಲಿನ ಎರಡನೆಯ ಚಿಕಿತ್ಸಾಲಯದಲ್ಲಿ ವೈದ್ಯೆಯಾಗಿದ್ದರು. ಹಸಿವು, ಇಕ್ಕಟ್ಟು, ಹೇನಿನಿಂದ ಹರಡುವ ಟೈಫಸ್ ಜ್ವರ. (ನಮ್ಮಲ್ಲಿ ಸಾಮಾನ್ಯವಾದ ಟೈಫಾಯಿಡ್ ಅದಲ್ಲ, ಹೆಸರು ಮಾತ್ರ ಹತ್ತಿರ.) ಅದೇ ಗೆಟೊದ ಯಹೂದಿ ಆಸ್ಪತ್ರೆಯಲ್ಲಿ ಲುಡ್ವಿಕ್ ಫ್ಲೆಕ್ ಎಂಬ ಸೂಕ್ಷ್ಮಜೀವಿ ತಜ್ಞರು ಟೈಫಸ್ ರೋಗಿಗಳ ಮೂತ್ರದಿಂದಲೇ ಲಸಿಕೆ ತಯಾರಿಸುವ ಪ್ರಯತ್ನದಲ್ಲಿದ್ದರು, ಬೇರೆ ಸಾಮಗ್ರಿ ಇರಲಿಲ್ಲವಾದ್ದರಿಂದ. ಫ್ಲೆಕ್ ಆಮೇಲೆ ಔಶ್ವಿಟ್ಸ್, ಬೂಖನ್‌ವಾಲ್ಡ್ ಎಂಬ ನಾಜಿ ಶಿಬಿರಗಳೆರಡನ್ನೂ ಕಂಡು ಬದುಕಿ ಬಂದರು.

1942ರ ಆಗಸ್ಟಿನಲ್ಲಿ, 10ರಿಂದ 23ರವರೆಗೆ, ಲ್ವೂವ್‌ನಿಂದ ನಲವತ್ತು ಸಾವಿರಕ್ಕೂ ಹೆಚ್ಚು ಜನರನ್ನು ರೈಲು ತುಂಬಿ ಬೆವ್‌ಝೆತ್ಸ್ ಕೊಲೆ ಶಿಬಿರಕ್ಕೆ ಸಾಗಿಸಿದರು. ಅಲ್ಲಿ ದುಡಿಸಿಕೊಳ್ಳುವ ಉದ್ದೇಶವೇ ಇರಲಿಲ್ಲ. ರೈಲಿನಿಂದ ಇಳಿಸಿದವರನ್ನು ಕೆಲವೇ ಗಂಟೆಗಳಲ್ಲಿ ಅನಿಲದಿಂದ ಕೊಲ್ಲುತ್ತಿದ್ದರು. ಆ ಎರಡು ವಾರಗಳ ನಡುವೆ, ಆಗಸ್ಟ್ 20ರಂದು, ಫ್ರೇ ಕೆಲಸ ಮಾಡುತ್ತಿದ್ದ ಚಿಕಿತ್ಸಾಲಯವನ್ನು ಮುತ್ತಿ ರೋಗಿಗಳನ್ನೂ ಸಿಬ್ಬಂದಿಯನ್ನೂ ಮುಗಿಸಿದರು. ಆಕೆಯ ಮರಣದಿನವೆಂದು ಪುಸ್ತಕಗಳಲ್ಲಿ ಕಾಣುವುದು ಈ ತಾರೀಖೇ. ವಯಸ್ಸು 52. ಸಮಾಧಿ ಇಲ್ಲ. ಯುದ್ಧದ ಕೊನೆಗೆ ಲ್ವೂವ್ ಬಿಡುಗಡೆಯಾದಾಗ ಊರಿನಲ್ಲಿ ಉಳಿದಿದ್ದ ಯಹೂದಿಗಳು ಕೆಲವು ನೂರು.

ಇದೆಲ್ಲ ಏಕೆ ಪಠ್ಯದಲ್ಲಿಲ್ಲ ಎಂಬುದು ನಿಮ್ಮ ಪ್ರಶ್ನೆಯ ಒಳಗಿನ ಪ್ರಶ್ನೆ. ಪಠ್ಯಪುಸ್ತಕದಲ್ಲಿ ರೋಗದ ಹೆಸರಾಗಿ ಸೇರಿಕೊಂಡ ಮನುಷ್ಯ ಅಲ್ಲಿಗೆ ಮನುಷ್ಯನಾಗಿ ಮುಗಿದ ಹಾಗೆ. ಅಂಕ ತರುವ ಒಂದು ಪದವಾಗುತ್ತಾನೆ. ಇದರಿಂದ ಫ್ರೇ ಅವರಂಥವರು ಮಸುಕಾದರು ಎಂಬುದು ಒಂದು ಕಡೆ. ಇನ್ನೊಂದು ಕಡೆ, ಅದೇ ಮಸುಕಿನಲ್ಲಿ ಕೆಲವರು ಸಲೀಸಾಗಿ ಅಡಗಿಕೊಂಡರು.

ನಾನು ಓದುವಾಗ ‘ರೈಟರ್ ಸಿಂಡ್ರೋಮ್’ ಎಂದು ಬಾಯಿಪಾಠ ಮಾಡಿದ್ದೆ: ಕೀಲುನೋವು, ಕಣ್ಣುರಿ, ಉರಿಮೂತ್ರ. ಹಾನ್ಸ್ ರೈಟರ್ ಎಂಬ ಜರ್ಮನ್ ವೈದ್ಯ 1916ರಲ್ಲಿ ಅದನ್ನು ವಿವರಿಸಿದ್ದೂ ಯುದ್ಧಭೂಮಿಯ ಒಬ್ಬ ಸೈನಿಕನನ್ನು ನೋಡಿಯೇ. ಈ ರೈಟರ್ ಮುಂದೆ ನಾಜಿ ಪಕ್ಷ ಸೇರಿ ಜರ್ಮನಿಯ ಆರೋಗ್ಯ ಕಚೇರಿಯ ಮುಖ್ಯಸ್ಥನಾದ. ಬೂಖನ್‌ವಾಲ್ಡ್ ಶಿಬಿರದ ಕೈದಿಗಳ ಮೇಲೆ ನಡೆದ ಟೈಫಸ್ ಲಸಿಕೆಯ ಪ್ರಯೋಗಗಳಲ್ಲಿ ಅವನ ಪಾತ್ರವಿತ್ತು. ಯುದ್ಧದ ನಂತರ ಸ್ವಲ್ಪ ಕಾಲ ಬಂಧನದಲ್ಲಿದ್ದು ಹೊರಬಂದ. 1969ರವರೆಗೆ, 88 ವರ್ಷ, ಬದುಕಿದ. ಇಬ್ಬರು ವೈದ್ಯರು, ಇಬ್ಬರು ಸೈನಿಕರು, ಎರಡು ಸಿಂಡ್ರೋಮುಗಳು. ಪರೀಕ್ಷೆಗೆ ಓದುವ ಹುಡುಗನ ಪಾಲಿಗೆ ಎರಡೂ ಒಂದೇ ಸಾಲಿನ ಉತ್ತರ. ಈಗ ರೈಟರ್ ಹೆಸರನ್ನು ಬಿಟ್ಟು ‘ರಿಯಾಕ್ಟಿವ್ ಆರ್ಥ್ರೈಟಿಸ್’ ಎನ್ನುತ್ತೇವೆ. ನಾಜಿ ಪಕ್ಷದ ಸದಸ್ಯನಾಗಿದ್ದ ವೆಗೆನರ್ ಹೆಸರಿನ ರಕ್ತನಾಳದ ಕಾಯಿಲೆಗೂ 2011ರಲ್ಲಿ ಬೇರೆ ಹೆಸರಿಟ್ಟರು. ಶ್ವಾಸಕೋಶದ ‘ಕ್ಲಾರಾ ಕೋಶ’ಗಳು ಈಗ ‘ಕ್ಲಬ್ ಕೋಶ’ಗಳು, ಮ್ಯಾಕ್ಸ್ ಕ್ಲಾರಾ ತನ್ನ ಅಧ್ಯಯನಕ್ಕೆ ಬಳಸಿದ್ದು ನಾಜಿ ಆಡಳಿತ ಮರಣದಂಡನೆ ಕೊಟ್ಟವರ ಅಂಗಾಂಶವನ್ನು.

ಈ ಬದಲಾವಣೆಗಳ ಬೆನ್ನಿಗೆ, ರೋಗಗಳಿಗೆ ಮನುಷ್ಯರ ಹೆಸರೇ ಬೇಡ, ಎಲ್ಲವನ್ನೂ ತೆಗೆದುಹಾಕಿ ಎನ್ನುವವರೂ ಇದ್ದಾರೆ. ಅವರ ಪ್ರಕಾರ ನಿಮ್ಮ ತಂದೆಯವರ ಚೀಟಿಯಲ್ಲಿ ‘ಗಸ್ಟೇಟರಿ ಸ್ವೆಟಿಂಗ್’, ಅಂದರೆ ರುಚಿಬೆವರು ಎಂದು ಬರೆದರೆ ಸಾಕು. ಅರ್ಥವೂ ಸ್ಪಷ್ಟ. ವಾದದಲ್ಲಿ ಹುರುಳಿದೆ, ಆದರೂ ನನಗೆ ಒಪ್ಪಿಗೆಯಿಲ್ಲ. ಲ್ವೂವ್‌ನಲ್ಲಿ ಆಕೆಯನ್ನು ಕೊಂದವರಿಗೆ ಬೇಕಾಗಿದ್ದದ್ದು ಹೆಸರೂ ಉಳಿಯದಿರುವುದೇ. ಅದು ಉಳಿದಿರುವ ಒಂದೇ ಜಾಗ ನಮ್ಮ ಆಪರೇಷನ್ ಒಪ್ಪಿಗೆ ಪತ್ರ. ‘ಫ್ರೇ ಸಿಂಡ್ರೋಮ್ ಬರಬಹುದು’ ಎಂದು ಬರೆದ ಪತ್ರಕ್ಕೆ ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಪ್ರತಿ ವಾರ ಯಾರೋ ಸಹಿ ಹಾಕುತ್ತಿರುತ್ತಾರೆ. ಅದನ್ನು ಅಳಿಸುವುದಕ್ಕೆ ನನ್ನ ಕೈ ಬರುವುದಿಲ್ಲ.

ಇದೇ ಕಾಲದ ಇನ್ನೊಂದು ಸಂಗತಿಯನ್ನು ನಿಮ್ಮ ಮಗಳಿಗೆ ಹೇಳಿ, ಆಕೆ ಹುಡುಕಿ ಓದಲಿ. ವಾರ್ಸಾದ ಗೆಟೊದಲ್ಲಿ 1942ರಲ್ಲಿ 28 ಮಂದಿ ಯಹೂದಿ ವೈದ್ಯರು, ಇಜ್ರಾಯೆಲ್ ಮಿಲೆಯ್ಕೋವ್‌ಸ್ಕಿ ಎಂಬುವರ ಮುಂದಾಳುತನದಲ್ಲಿ, ಹಸಿವಿನಿಂದ ದೇಹ ಹೇಗೆ ಸಾಯುತ್ತದೆ ಎಂಬುದನ್ನು ಅಳೆದು ಬರೆದಿಟ್ಟರು. ರೋಗಿಗಳೂ ಉಪವಾಸ, ವೈದ್ಯರೂ ಉಪವಾಸ. ರಕ್ತದೊತ್ತಡ, ಹೃದಯದ ಬಡಿತ, ಕಣ್ಣಿನ ಪೊರೆ, ಬಾವು, ಎಲ್ಲವನ್ನೂ ದಾಖಲಿಸಿದರು. ಜುಲೈನಲ್ಲಿ ಟ್ರೆಬ್ಲಿಂಕಾ ಕೊಲೆ ಶಿಬಿರಕ್ಕೆ ರೈಲುಗಳು ಹೊರಡತೊಡಗಿದಾಗ ಕೆಲಸ ನಿಂತಿತು. ಹಸ್ತಪ್ರತಿಯನ್ನು ಗುಟ್ಟಾಗಿ ಹೊರಗೆ ಸಾಗಿಸಿ ಒಬ್ಬ ಪೋಲಿಷ್ ಪ್ರೊಫೆಸರ್ ಕೈಗೆ ಮುಟ್ಟಿಸಿದರು; 1946ರಲ್ಲಿ ಅದು ಅಚ್ಚಾಯಿತು. ಬರೆದವರಲ್ಲಿ ಬಹುತೇಕರು ಆಗ ಇರಲಿಲ್ಲ. ಬಹಳ ದಿನ ಹಸಿದವನಿಗೆ ಒಮ್ಮೆಲೇ ಹೊಟ್ಟೆ ತುಂಬ ಉಣಿಸಿದರೆ ಅಪಾಯ ಎಂಬುದನ್ನು ಇಂದು ಪ್ರತಿ ತೀವ್ರನಿಗಾ ಘಟಕದಲ್ಲೂ ಪಾಲಿಸುತ್ತೇವೆ. ಹಸಿವಿನ ಶರೀರಶಾಸ್ತ್ರ ಓದುವವರು ಇಂದಿಗೂ ಆ ಹಾಳೆಗಳನ್ನು ತೆರೆಯುತ್ತಾರೆ.

ತಂದೆಯವರಿಗೆ ಮುಂದೇನು ಎಂಬುದು ಉಳಿಯಿತು. ತೊಂದರೆ ಅಷ್ಟಕ್ಕಷ್ಟೇ ಆಗಿದ್ದರೆ ಏನೂ ಮಾಡಬೇಕಿಲ್ಲ. ಪಂಕ್ತಿಯಲ್ಲಿ ಕೂರುವುದಕ್ಕೇ ಹಿಂಜರಿಯುತ್ತಾರೆ ಎಂದಿದ್ದೀರಲ್ಲ, ಹಾಗಿದ್ದರೆ ಚಿಕಿತ್ಸೆ ಕೊಡಿಸಿ. ಅಲ್ಯೂಮಿನಿಯಂ ಕ್ಲೋರೈಡ್ ಇರುವ ಬೆವರುತಡೆ ಲೇಪನದಿಂದ ಕೆಲವರಿಗೆ ಸಾಕಾಗುತ್ತದೆ. ಸಾಲದಿದ್ದರೆ ಬೊಟುಲಿನಂ ಟಾಕ್ಸಿನ್ ಚುಚ್ಚುಮದ್ದು. ಸುಕ್ಕು ಅಳಿಸಲು ಸಿನಿಮಾದವರು ಹಾಕಿಸಿಕೊಳ್ಳುವ ಬೊಟಾಕ್ಸ್ ಅದೇ. ಅಸಿಟೈಲ್‌ಕೋಲಿನ್ ಬಿಡುಗಡೆಯಾಗುವುದನ್ನೇ ಅದು ತಡೆಯುವುದರಿಂದ ತಪ್ಪು ಬೀಗಕ್ಕೆ ಕೀಲಿಕೈ ತಲುಪುವುದೇ ಇಲ್ಲ. ಹಲವು ತಿಂಗಳು ಆರಾಮ, ಆಮೇಲೆ ಬೇಕಾದರೆ ಮತ್ತೊಮ್ಮೆ. ಸಕ್ಕರೆ ಕಾಯಿಲೆ ಇದೆಯೇ ಎಂದೂ ಒಮ್ಮೆ ನೋಡಿಸಿ. ಅದರಲ್ಲೂ ಊಟದ ಬೆವರು ಬರುವುದುಂಟು, ಆದರೆ ಸಾಮಾನ್ಯವಾಗಿ ಎರಡೂ ಕಡೆ.

ಚುಚ್ಚುಮದ್ದಿಗೆ ಮೊದಲು ಬೆವರುವ ಜಾಗವನ್ನು ಗುರುತು ಹಾಕಿಕೊಳ್ಳಬೇಕಾಗುತ್ತದೆ. ಕೆನ್ನೆಗೆ ಅಯೋಡಿನ್ ಬಳಿದು, ಒಣಗಿದ ಮೇಲೆ ಕಾರ್ನ್‌ಫ್ಲೋರಿನಂಥ ಪಿಷ್ಟದ ಪುಡಿ ಉದುರಿಸಿ, ಏನಾದರೂ ಹುಳಿ ತಿನ್ನಲು ಕೊಡುತ್ತೇವೆ. ಒಂದೆರಡು ನಿಮಿಷದಲ್ಲಿ ಬೆವರು ತಾಗಿದಲ್ಲೆಲ್ಲ ಪುಡಿ ಕಡುನೀಲಿಗೆ ತಿರುಗಿ, ಕಿವಿಯ ಮುಂದೆ ಒಂದು ನಕ್ಷೆಯೇ ಮೂಡುತ್ತದೆ. ವಾರ್ಸಾದಲ್ಲಿ ಆಕೆ ಆ ಸೈನಿಕನ ಮುಖದ ಮೇಲೆ ಹುಡುಕಿದ ಎಲ್ಲೆ ಅದೇ. ಆಸ್ಪತ್ರೆಯಲ್ಲಿ ಇಟ್ಟಿರುವ ನಿಂಬೆಹಣ್ಣು ಅನೇಕ ಸಲ ಒಣಗಿ ಹೋಗಿರುತ್ತದೆ. ಹೋಗುವಾಗ ಮನೆಯ ಉಪ್ಪಿನಕಾಯಿ ಒಂದು ಹೋಳು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ.